ನಮ್ಮ ಗಾಡಿಗೆ ಹಚ್ಚಿದ ನಂದಾದೀಪ

ಯಂತ್ರದ ವಿದ್ಯೆ ನನಗೆ ಹುಟ್ಟಿನಿಂದಲೇ ಬಂದದ್ದು ಎಂದು ನಾನು ಬಹಳ ವರ್ಷ ನಂಬಿದ್ದೆ. ಉಮರ್ಗಾದ ಪೇಟೆಯಲ್ಲಿ ಗಡಿಯಾರಕ್ಕೆ ಕೀಲಿ ಕೊಡುವವರು ಬೇಕಾದಷ್ಟು ಜನರಿದ್ದರು. ಅದನ್ನು ಪೂರ್ತಿ ಬಿಚ್ಚಿ ಇಡಬಲ್ಲವನು ನಾನೊಬ್ಬನೇ. ತಿರುಗಿ ಜೋಡಿಸುವ ಮಾತು ಬೇರೆ.

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಕಾರ್ಯಾಚರಣೆಯಾದ ಕೆಲವು ವರ್ಷಗಳಿಗೆ, ಮಿಲಿಟರಿಯವರು ಹರಾಜಿಗಿಟ್ಟ ಹಳೆಯ ಆಂಬುಲೆನ್ಸ್ ಗಾಡಿಯೊಂದನ್ನು ಈ ವಿದ್ಯೆಯ ಧೈರ್ಯದ ಮೇಲೆಯೇ ಕೊಂಡು ತಂದೆ. ಒಳಗೆ ಎರಡು ಮಂಚ, ಸ್ಟೋವು, ನೀರಿನ ಡ್ರಮ್ಮು, ಕಿಟಕಿಗೆ ಪರದೆ, ತಲೆಯ ಮೇಲೊಂದು ಬಲ್ಬು. ಮನೆಮಂದಿಯೆಲ್ಲ ಇದರಲ್ಲೇ ಉಂಡು, ಇದರಲ್ಲೇ ಮಲಗಿ, ಶ್ರೀಶೈಲದವರೆಗೂ ಹೋಗಿ ಬರುವುದೆಂದು ನನ್ನ ಘನ ಯೋಜನೆ. ಹೊರಮೈಯ ಆಸ್ಪತ್ರೆಯ ಕೆಂಪು ಗುರುತಿನ ಮೇಲೆ ಎಷ್ಟು ಸಲ ಬಿಳಿ ಬಣ್ಣ ಬಳಿದರೂ ಅದು ಇಣುಕುತ್ತಿತ್ತು. ಸಂತೆಯ ದಿನ ಹೊಟ್ಟೆನೋವಿನವರು ಬಂದು ಬಾಗಿಲು ಬಡಿಯುತ್ತಿದ್ದರು.

ನನ್ನ ಹೆಂಡತಿ ಗಂಗವ್ವನ ಅಣ್ಣ ಬಸಪ್ಪ ನಿಲಂಗಾ ದಾರಿಯಲ್ಲಿ ಎರಡು ಹರದಾರಿ ದೂರದ ಹಳ್ಳಿಯವನು, ಒಕ್ಕಲುತನದವನು. ಗಾಡಿ ನೋಡಲು ಬಂದವನು ಸುತ್ತಲೂ ಒಂದು ಸಲ ತಿರುಗಿ, "ಇದರ ಜೀವ ಎಲ್ಲಿರ್ತದ ದಾಜಿ?" ಎಂದು ಕೇಳಿದ. ನಮ್ಮ ಕಡೆ ತಂಗಿಯ ಗಂಡನನ್ನು ಮರಾಠಿಯವರಂತೆ ದಾಜಿ ಎಂದೇ ಕರೆಯುತ್ತಾರೆ. ಪಾಪ, ತಿಳಿಯದೆ ಕೇಳಿದ್ದ. ನಾನು ಬ್ಯಾಟರಿ ತೋರಿಸಿ ಸುಮ್ಮನಿರಬಹುದಿತ್ತು. ಸುಮ್ಮನಿರುವುದು ನನ್ನ ಜಾತಕದಲ್ಲಿಲ್ಲ.

"ನಿಮ್ಮ ಎತ್ತಿಗಿ ಮುಪ್ಪು ಬರ್ತದ ಭಾವಾರ, ಇದಕ್ಕ ಬರಂಗಿಲ್ಲ," ಎಂದುಬಿಟ್ಟೆ.

ಆ ಎತ್ತುಗಳನ್ನು ಅವು ಕರುಗಳಿದ್ದಾಗಿನಿಂದ ಅವನು ಸಾಕಿದ್ದ. ಬಡಿಸಿದ ತಾಟು ಬಿಟ್ಟು ಎದ್ದು ಹೋದ. ಆಮೇಲೆ ಎರಡು ದಸರೆ ಕಳೆದವು. ಅಣ್ಣನ ಕೈಗೆ ಬಂಗಾರವೆಂದು ಬನ್ನಿಯ ಎಲೆ ಕೊಡುವ ಭಾಗ್ಯ ಗಂಗವ್ವನಿಗೆ ಸಿಗಲಿಲ್ಲ. ಆಕೆ ನನ್ನೊಡನೆ ಜಗಳ ಮಾಡಲಿಲ್ಲ. ಮಾಡಿದ್ದರೆ ಸುಖವಾಗಿರುತ್ತಿದ್ದೆ. ಮೂರನೆಯ ವರ್ಷ ನನಗೇ ತಡೆಯಲಾಗದೆ, ದಸರೆಯ ದಿನ ಮಧ್ಯಾಹ್ನಕ್ಕೆ ನಮ್ಮ ಗಾಡಿಯಲ್ಲೇ ಬರುತ್ತೇವೆಂದು ಬಸಪ್ಪನಿಗೆ ಹೇಳಿ ಕಳಿಸಿದೆ. ಗಂಗವ್ವ ಅಂದೇ ಇಳಕಲ್ ಸೀರೆ ಬಿಸಿಲಿಗೆ ಹಾಕಿದಳು.

ನವರಾತ್ರಿಯ ಒಂಬತ್ತು ದಿನ ನನ್ನ ಕಿರಾಣಿ ಅಂಗಡಿಯಲ್ಲಿ ಗದ್ದಲ, ಗಾಡಿ ನಿಂತೇ ಇರಬೇಕು. ಹೆದ್ದಾರಿಯ ಬದಿಯಲ್ಲಿ ಲಾರಿ ರಿಪೇರಿ ಮಾಡುವ ಮಸ್ತಾನ ಚಾಚಾನನ್ನು ಕೇಳಿದೆ. "ಬ್ಯಾಟರಿ ವಾಯರ್ ಒಂದು ಬಿಚ್ಚಿಡ್ರಿ ಸಾಬ. ಎರಡು ದಿನಕ್ಕೊಮ್ಮೆ ವಾಯರ್ ಹಚ್ಚಿ ಇಂಜಿನ್ ಚಾಲೂ ಮಾಡ್ರಿ. ಬಸ್," ಎಂದ. ಬಿಚ್ಚುವ ಕೆಲಸವೆಂದರೆ ನನಗೆ ಹಬ್ಬ. ಮನೆಗೆ ಬಂದ ಕೂಡಲೇ ಬಿಚ್ಚಿದೆ. ಇಲ್ಲಿಯವರೆಗೆ ನಾನು ನಿರ್ದೋಷಿ ಎಂಬುದನ್ನು ದಯವಿಟ್ಟು ಗಮನಿಸಬೇಕು.

ನವರಾತ್ರಿಯ ಮೊದಲ ದಿನ, ಘಟಸ್ಥಾಪನೆಯ ಮುಂಜಾನೆ ನಮ್ಮವ್ವ ದೇವರ ಮುಂದೆ ನಂದಾದೀಪ ಹಚ್ಚಿದಳು. ಒಂಬತ್ತು ದಿನ ಆರಬಾರದ ದೀಪ. ಆಮೇಲೆ ಗಾಡಿಯ ಕಡೆ ನೋಡಿದಳು. ಮನೆಯ ಮಂದಿಯನ್ನೆಲ್ಲ ಹೊತ್ತು ತಿರುಗುವ ಇದೂ ದೇವರೇ, ಇದನ್ನೂ ಘಟಕ್ಕೆ ಕೂರಿಸಬೇಕು, ಇದಕ್ಕೂ ಒಂದು ನಂದಾದೀಪ ಬೇಕು ಎಂದಳು. ಪೆಟ್ರೋಲಿನ ಪಕ್ಕದಲ್ಲಿ ಎಣ್ಣೆಯ ಪಣತಿ! ಆದರೆ ವಿದ್ಯೆ ಇದ್ದವನಿಗೆ ದಾರಿ ಕಾಣುತ್ತದೆ. ಬಿಚ್ಚಿದ ವಾಯರನ್ನು ತಿರುಗಿ ಹಚ್ಚಿ, ಒಳಗಿನ ಬಲ್ಬು ಹೊತ್ತಿಸಿದೆ. ಎಣ್ಣೆ ಬೇಡ, ಬತ್ತಿ ಬೇಡ, ಗಾಳಿಗೆ ಆರುವ ಭಯವಿಲ್ಲ. ಅವ್ವ ಎರಡೂ ಕೈಯಿಂದ ನನ್ನ ದೃಷ್ಟಿ ತೆಗೆದಳು. ಇನ್ನು ಎರಡು ದಿನಕ್ಕೊಮ್ಮೆ ಇಂಜಿನ್ ಚಾಲೂ ಮಾಡುವುದು? ಘಟಕ್ಕೆ ಕೂತ ದೇವರನ್ನು ಒಂಬತ್ತು ದಿನ ಅಲುಗಿಸುವಂತಿಲ್ಲ. ಚಾಚಾನ ಎರಡೂ ಮಾತು ಅಲ್ಲಿಗೆ ಮುಗಿದವು.

ಐದನೆಯ ದಿನ ಬಲ್ಬು ಕೆಂಪಗಾಯಿತು. ದೇವಿ ಶಾಂತಳಾಗಿದ್ದಾಳೆ ಎಂದು ಅವ್ವನಿಗೆ ವಿವರಿಸಿದೆ. ಏಳನೆಯ ದಿನ ಪೂರ್ತಿ ಆರಿತು. ಬಲ್ಬು ಸುಟ್ಟಿರಬೇಕೆಂದು ಹೊಸದು ಹಾಕಿದೆ. ಅದೂ ಹೊತ್ತಲಿಲ್ಲ. ಪೇಟೆಯಿಂದ ಇನ್ನೊಂದು ತಂದೆ. ಕೊನೆಗೆ ಯಾರಿಗೂ ಹೇಳದೆ ಪರದೆ ಎಳೆದುಬಿಟ್ಟೆ. ಅವ್ವ ಎರಡು ದಿನ ಆ ಪರದೆಗೇ ಕೈಮುಗಿದಳು.

ದಸರೆ ಬಂತು. ಗಂಗವ್ವ ಇಳಕಲ್ ಸೀರೆ ಉಟ್ಟು, ಅಣ್ಣನಿಗೆಂದು ಮಾಡಿದ ಕರ್ಜಿಕಾಯಿಯ ಡಬ್ಬಿ ಹಿಡಿದು ಗಾಡಿ ಹತ್ತಿದಳು. ನಾನು ಸ್ವಿಚ್ಚು ಒತ್ತಿದೆ. ಟಕ್ ಎಂದಿತು. ಮತ್ತೆ ಒತ್ತಿದೆ. ಅಷ್ಟೂ ಅನ್ನಲಿಲ್ಲ.

ಚಿಂತೆಯಿಲ್ಲ, ಮುಂದಿನಿಂದ ತಿರುವುವ ಹ್ಯಾಂಡಲ್ಲು ಇದೆಯಲ್ಲ! ಹ್ಯಾಂಡಲ್ಲು ಇತ್ತು. ಕುಡುಗೋಲು, ತಕ್ಕಡಿ, ಕೊಡಲಿಗಳ ನಡುವೆ, ಮೈತುಂಬ ವಿಭೂತಿ ಬಳಿದುಕೊಂಡು, ಖಂಡೇಪೂಜೆಯ ಮಣೆಯ ಮೇಲೆ ಕೂತಿತ್ತು. ಹಿಂದಿನ ದಿನ ನಾನೇ ಇಟ್ಟಿದ್ದೆ.

"ಪೂಜಿಗಿ ಕುಂತ ಆಯುಧ ಬನ್ನಿ ಮುಡದ ಮ್ಯಾಲೇ ಎತ್ತೋದು," ಎಂದಳು ಅವ್ವ. ಮೇಲ್ಮನವಿಗೆ ಅವಕಾಶವಿರಲಿಲ್ಲ.

ಸಂಜೆಯ ಸೀಮೋಲ್ಲಂಘನಕ್ಕೆ ಊರೆಲ್ಲ ನಿಲಂಗಾ ದಾರಿಯ ಬನ್ನಿಗಿಡದ ಕಡೆ ಹೊರಟಿತ್ತು. ಹೇಗೂ ಹೋಗುವವರು, ಒಂದು ಕೈ ಹಚ್ಚಿರೆಂದು ಬೇಡಿಕೊಂಡೆ. ಬೀರಪ್ಪನ ಭಕ್ತರಾದ ನಾಲ್ವರು ಕುರುಬರು ಹೆಗಲು ಕೊಟ್ಟರು, ಉಳಿದವರು ಕೈ ಕೊಟ್ಟರು. ಊರ ಸೀಮೆ ದಾಟಿದ ಮೇಲೆ ಒಬ್ಬ ಕುರುಬ ಬೆವರು ಒರೆಸಿಕೊಳ್ಳುತ್ತ, ಒಳಗೇನಿದೆ ಎಂದು ಕೇಳಿದ. ಒಳಗೆ ಗಂಗವ್ವ, ಅವ್ವ, ಮತ್ತು ಶ್ರೀಶೈಲ ಯಾತ್ರೆಗೆಂದು ಬಾಯಿಮಟ್ಟ ತುಂಬಿಟ್ಟ ನೀರಿನ ಡ್ರಮ್ಮು ಇದ್ದವು.

ಬನ್ನಿ ಪೂಜೆ ಆಯಿತು. ಅಲ್ಲಿಗೇ ಬಂದಿದ್ದ ಮಸ್ತಾನ ಚಾಚಾ ಬಾನೆಟ್ ಎತ್ತಿ ನೋಡಿ, "ಬತ್ತಿ ಹಚ್ಚಿಟ್ಟಿದ್ರೇನ್ ಸಾಬ?" ಎಂದ. ಅವ್ವನ ಎದುರಿಗೆ ಎಲ್ಲ ಒಪ್ಪಿಕೊಳ್ಳಬೇಕಾಯಿತು. ಆರಿದ ದೀಪವನ್ನು ಮುಚ್ಚಿಟ್ಟದ್ದಕ್ಕೆ ಸಿಡಿಯುತ್ತಾಳೆಂದು ತಲೆ ತಗ್ಗಿಸಿ ನಿಂತೆ. ಅವಳು ನನ್ನ ಮುಖವನ್ನೇ ನೋಡಿದಳು. "ದೀಪ ಆರಿದ್ರ ಮತ್ತ ಹಚ್ಚಬಹುದಿತ್ತಪ್ಪ. ಹೇಳಬೇಕಿತ್ತು," ಎಂದಷ್ಟೇ ಅಂದು ಊರಿನವರ ಜೊತೆ ಮನೆಗೆ ನಡೆದಳು. ಬೈದಿದ್ದರೆ ಚೆನ್ನಾಗಿತ್ತು.

ಹ್ಯಾಂಡಲ್ಲು ಮನೆಯ ಮಣೆಯ ಮೇಲೇ ಉಳಿದಿತ್ತು, ಹೋಗಿ ತರಲು ಹೊತ್ತಿರಲಿಲ್ಲ. ಕೊನೆಯ ಪ್ರಯತ್ನವೆಂದು ನಿಲಂಗಾ ದಾರಿಯ ಇಳಿಜಾರಿಗೆ ಗಾಡಿಯನ್ನು ದಬ್ಬಿಸಿದೆ. ಅದು ಇಳಿಯಿತು, ಒಂದು ಸಲ ಕೆಮ್ಮಿತು, ಹಳ್ಳದ ಮರಳಿನಲ್ಲಿ ಮುಂಗಾಲಿ ಊರಿ ನಿಂತಿತು. ಗಂಗವ್ವ ಇಳಿದಳು. ಒಂದು ಕೈಯಲ್ಲಿ ಡಬ್ಬಿ, ಮಡಿಲಲ್ಲಿ ಬನ್ನಿ.

"ನಾ ನಡ್ಕೋತ ಹೋಗ್ತೀನ್ರಿ. ಈ ವರ್ಷನೂ ಬಿಟ್ರ ಅಂವಾ ಮತ್ತ ಮಾತಾಡಂಗಿಲ್ಲ."

ಹೊರಟೇಬಿಟ್ಟಳು. ನಾನು ಗಾಡಿಗೆ ಬೀಗ ಹಾಕಿ ಹಿಂದೆ ಓಡಿದೆ. ಅದನ್ನು ಯಾರು ಒಯ್ಯುತ್ತಿದ್ದರೋ! ಆಕೆಯ ಬೆನ್ನು ನೋಡುತ್ತ ನಡೆಯುವಾಗ, ಅಂದು ಆಡಿದ ಆ ಒಂದು ಮಾತಿಗಾಗಿ ನನಗೆ ನಿಜವಾಗಿ ನಾಚಿಕೆಯಾಯಿತು.

ಅರ್ಧ ಮೈಲಿಯೂ ನಡೆದಿರಲಿಲ್ಲ, ಎದುರಿನಿಂದ ಗೆಜ್ಜೆಯ ಸದ್ದು ಕೇಳಿತು. ಕೋಡಿಗೆ ಬಣ್ಣ ಹಚ್ಚಿದ ಎರಡು ಮುದಿ ಎತ್ತು, ಅವುಗಳ ಹಿಂದೆ ಬಂಡಿಯ ಮೇಲೆ ಬಸಪ್ಪ. ಹೊತ್ತು ಇಳಿದರೂ ತಂಗಿ ಬಾರದ್ದಕ್ಕೆ ತಾನೇ ಹೊರಟಿದ್ದನಂತೆ. ಗಂಗವ್ವ ಡಬ್ಬಿ ನನ್ನ ಕೈಗೆ ತುರುಕಿ ಓಡಿದಳು. ಅಣ್ಣನ ಕೈಗೆ ಬನ್ನಿ ಇಟ್ಟಳು.

ನಾನೂ ಬನ್ನಿ ಹಿಡಿದು ಮುಂದೆ ಹೋದೆ. "ಬನ್ನಿ ತಗೊಂಡು ಬಂಗಾರದಂಗ ಇರೂಣ ಭಾವಾರ. ಅವತ್ತು ನಾ ಅಂದದ್ದು ತಪ್ಪದ."

ಬಸಪ್ಪ ಬನ್ನಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. "ತಪ್ಪೇನಿಲ್ಲ ದಾಜಿ. ಮುಪ್ಪು ಬಂದದ, ಖರೆ ಅದ. ಎಬ್ಬಿಸಿದ್ರ ಏಳ್ತಾವ, ಅಷ್ಟೇ."

ಆಗ ನೋಡಿದೆ, ಅವನ ಬಂಡಿಯಲ್ಲಿ ದಪ್ಪನೆಯ ಹಗ್ಗದ ಸುರುಳಿಯೊಂದಿತ್ತು. ನನ್ನ ಯಂತ್ರವಿದ್ಯೆಯ ಮೇಲೆ ಅವನಿಗೆ ಮೊದಲಿನಿಂದಲೂ ಅಷ್ಟು ನಂಬಿಕೆ.

ಬೆಳದಿಂಗಳಲ್ಲಿ, ರಾತ್ರಿ ಬಹಳ ಹೊತ್ತಾದ ಮೇಲೆ ನಮ್ಮ ಮೆರವಣಿಗೆ ಅವನ ಹಳ್ಳಿ ಮುಟ್ಟಿತು. ಎತ್ತುಗಳು ಮುಂದೆ, ಹಗ್ಗದ ತುದಿಗೆ ಗಾಡಿ, ಒಳಗೆ ಸ್ಟೀರಿಂಗ್ ಹಿಡಿದು ಎತ್ತಿನ ಬಾಲವನ್ನೇ ನೋಡುತ್ತ ನಾನು. ಬಸಪ್ಪನ ಹೆಂಡತಿ ಆರತಿ ತಟ್ಟೆ ತಂದು ಮೊದಲು ಎತ್ತುಗಳಿಗೆ ಬೆಳಗಿದಳು, ಆಮೇಲೆ ಗಂಗವ್ವನಿಗೆ, ಆಮೇಲೆ ನನಗೆ. ಕೊನೆಗೆ ಭಕ್ತಿಯಿಂದ ಗಾಡಿಯ ಕಡೆ ತಿರುಗಿದಳು.

ನಾನು ಓಡಿಹೋಗಿ ಅಡ್ಡ ನಿಂತೆ. "ಕೈಮುಗಿತೀನ್ರೀ ಅಕ್ಕಾ," ಎಂದೆ. "ಇದಕ್ಕ ಮಾತ್ರ ದೀಪ ತೋರಿಸಬ್ಯಾಡ್ರಿ."