ತೆರಿಗೆ ಕಚೇರಿಯ ತಿರುಗದ ಫ್ಯಾನು

ದಿಲ್ಲಿಗೆ ರೊಕ್ಕ ಕೂಡಿಸಿ ಕಳಿಸುವ ಆಫೀಸು ಅಂದರೆ ಒಳಗೆ ಬಂಗಾರದ ಕುರ್ಚಿ ಇರುತ್ತವೆ ಅಂತ ಜನ ತಿಳಿದಿರುತ್ತಾರೆ. ನಾನು ನಾಸಿಕದಲ್ಲೂ, ಆಮೇಲೆ ಔರಂಗಾಬಾದಿನಲ್ಲೂ (ಈಗ ಅದಕ್ಕೆ ಛತ್ರಪತಿ ಸಂಭಾಜಿನಗರ ಅಂತಾರೆ) ಅಂಥ ಆಫೀಸಿನೊಳಗೇ ಇದ್ದವನು. ಏನಾದರೊಂದು ತಮಾಷೆ ಆಗದೆ ಅಲ್ಲಿ ಸಂಜೆ ಆಗುತ್ತಿರಲಿಲ್ಲ. ತಮಾಷೆ ಅಂತ ಈಗ ಅನ್ನುತ್ತೇನೆ, ಆಗ ತಲೆ ಚಿಟ್ಟು ಹಿಡಿಯುತ್ತಿತ್ತು.

ನನ್ನ ಕೆಲಸ ಏನಂತ ಮೊದಲೇ ಹೇಳಿಬಿಡುತ್ತೇನೆ. ಬೇಸಿಗೆಯಲ್ಲಿ ಸಾಹೇಬರ ಬಾಗಿಲಿಗೂ ಕಿಟಕಿಗೂ ಲಾವಂಚದ ತಟ್ಟಿ ಕಟ್ಟುತ್ತಿದ್ದರು. ಅದಕ್ಕೆ ನೀರು ಹೊಡೆಯುವವನು ನಾನು. ನೀರು ಬಿದ್ದರೆ ಒಳಗೆ ತಂಪು, ತಂಪಿದ್ದರೆ ಸಾಹೇಬರ ತಲೆ ಓಡುತ್ತದೆ, ತಲೆ ಓಡಿದರೆ ತೆರಿಗೆ ಬರುತ್ತದೆ. ಆ ತೆರಿಗೆಯಿಂದಲೇ ಪೈಠಣದ ಹತ್ತಿರ ಅಷ್ಟು ದೊಡ್ಡ ಅಣೆಕಟ್ಟು ಎದ್ದಿತಲ್ಲ, ಅದರ ಮೊದಲನೇ ನೀರು ನನ್ನ ಬಕೀಟಿನದು. ಬೇಕಾದರೆ ಹೋಗಿ ಕೇಳಿರಿ.

ಆದರೆ ನೌಕರಿ ವರ್ಷಕ್ಕೆ ಮೂರೇ ತಿಂಗಳು. ಮಳೆ ಬಿತ್ತು ಅಂದರೆ ನಾನು ಮನೆಗೆ. ಬೀದರ ಕಡೆಯ ನನ್ನ ಮಾವ ಇದನ್ನು ತಿಳಿದು ನ್ಯಾಯ ಹೇಳಿದ: "ಅಳಿಯಂದ್ರೇ, ಮೂರು ತಿಂಗಳ ನೌಕ್ರಿಗೆ ಮೂರು ತಿಂಗಳ ಹೇಣ್ತಿ. ನೌಕ್ರಿ ಪಕ್ಕಾ ಆಗಲಿ, ಮಗಳನ್ನೂ ಪಕ್ಕಾ ಕಳಿಸ್ತೀನಿ."

ಯುಗಾದಿ ಮುಗಿದ ಕೂಡಲೇ ಮಗಳನ್ನು ತಂದು ಬಿಡುತ್ತಿದ್ದ. ಮೊದಲ ಮಳೆ ಬಿದ್ದ ವಾರದಲ್ಲೇ ಬಂದು ಕರಕೊಂಡು ಹೋಗುತ್ತಿದ್ದ. ಊರೆಲ್ಲ ಮೋಡ ನೋಡಿ ಕೈ ಮುಗಿದರೆ ನಾನೊಬ್ಬ ಬೈಯುತ್ತಿದ್ದೆ.

ಬಕೀಟು

ನಾಸಿಕದಲ್ಲಿ ನನ್ನ ಮೊದಲ ವರ್ಷ. ತಟ್ಟಿ ಮಂಜೂರು, ನೀರು ಹೊಡೆಯುವ ಮನುಷ್ಯ ಮಂಜೂರು, ಬಕೀಟು ಮಾತ್ರ ಮಂಜೂರಿಲ್ಲ. ಹೆಡ್ ಕ್ಲಾರ್ಕರು ಮೇಲಿನ ಆಫೀಸಿಗೆ ಕಾಗದ ಬರೆದರು. ಉತ್ತರ ಬರುವ ತನಕ ನಾನು ಬಾಯಲ್ಲಿ ನೀರು ತುಂಬಿಕೊಂಡು ತಟ್ಟಿಗೆ ಉಗುಳಿ ತಂಪು ಮಾಡಿದೆ. ಸುಳ್ಳಲ್ಲ, ನನ್ನ ಆಗಿನ ಗುಟುಕು ಅಂದರೆ ಈಗಿನ ಒಂದು ಕೊಡ.

ತಿಂಗಳಿಗೆ ಉತ್ತರ ಬಂತು: ಹಳೆಯ ಬಕೀಟು ಒಪ್ಪಿಸಿದರೆ ಹೊಸದು ಕೊಡಲಾಗುವುದು.

"ಹಳೇದು ಇರಲೇ ಇಲ್ಲಲ್ರಿ?" ಅಂದೆ.

"ಇರಲಿಲ್ಲ ಅಂತ ಬರೆದರೆ, ಇಷ್ಟು ದಿನ ಹೆಂಗೆ ನಡೆಸಿದಿರಿ, ಹಂಗೇ ನಡೆಸಿರಿ ಅಂತಾರೆ. ಎಲ್ಲಿಂದಾದರೂ ಒಂದು ಹಳೇದು ಹಿಡಕೊಂಡು ಬಾ ಬಾಬಾ" ಅಂದರು ಹೆಡ್ ಕ್ಲಾರ್ಕರು.

ಆಫೀಸಿನ ಎದುರಿಗೆ ಉಡುಪಿ ಕಡೆಯವರ ಹೋಟೆಲು ಇತ್ತು. ಅದರ ಮಾಲಕರು ಹಿತ್ತಲಿನಿಂದ ಒಂದು ಬಕೀಟು ತಂದುಕೊಟ್ಟರು. "ತೂತು ಬಿದ್ದದ್ದು ಮಾರಾಯ. ಆದ್ರೂ ನನ್ನಪ್ಪನ ಕಾಲದ್ದು, ತೋರಿಸಿ ಆದ ಮೇಲೆ ವಾಪಸು ಕೊಡ್ಬೇಕು."

ಬಕೀಟು ಮೇಲಿನ ಆಫೀಸಿಗೆ ಹೋಯಿತು. ಮಳೆ ಶುರುವಾಗಿ, ನನ್ನ ಹೆಂಡತಿ ಬೀದರಿಗೆ ಹೊರಟ ದಿನವೇ ತಿರುಗಿ ಬಂತು. ಅದೇ ಬಕೀಟು! ತೂತಿಗೆ ಬೆಸುಗೆ, ಮೈಮೇಲೆ ಬಿಳಿ ಬಣ್ಣದಲ್ಲಿ ನಂಬರು. ಜೊತೆಗೊಂದು ಕಾಗದ: ದುರಸ್ತಿಯಾಗಿದೆ, ಹೊಸದರ ಅಗತ್ಯ ಕಾಣುವುದಿಲ್ಲ.

ಮಾಲಕರು ಕೇಳಲಿಕ್ಕೆ ಬಂದರು. "ಇದು ಈಗ ಸರಕಾರಿ ಮಾಲು, ನಂಬರು ಬಿದ್ದಿದೆ" ಅಂದರು ಹೆಡ್ ಕ್ಲಾರ್ಕರು.

"ಎಂತ ಅನ್ಯಾಯ ಇದು! ಪ್ರತಿ ವರ್ಷ ತೆರಿಗೆ ಕಟ್ಟುವವ ನಾನು. ಈ ಸಲ ಬಕೀಟನ್ನೂ ಕಟ್ಟಿದ ಹಾಗಾಯ್ತಲ್ಲ!"

ಹೆಡ್ ಕ್ಲಾರ್ಕರು ಪೆನ್ನು ಎತ್ತಿ ಬಹಳ ಮರ್ಯಾದೆಯಿಂದ ಕೇಳಿದರು: "ರಸೀದಿ ಬೇಕೇನ್ರಿ?"

ಕುರ್ಚಿ

ಅದೇ ನಾಸಿಕ. ಸಾಹೇಬರ ಕುರ್ಚಿಯ ಬೆತ್ತ ಹರಿದು, ಕೂತರೆ ಮೊಣಕಾಲು ಗದ್ದಕ್ಕೆ ಬರುತ್ತಿತ್ತು. ಬೆತ್ತ ಹೆಣಿಸಲಿಕ್ಕೆ ಮೂರು ಸಲ ಬರೆದರು. ಮೂರೂ ಸಲ, ಈ ವರ್ಷದ ಅನುದಾನ ಮುಗಿದಿದೆ ಅಂತ ಉತ್ತರ. ಮೂರನೇ ಉತ್ತರ ವರ್ಷ ಶುರುವಾದ ನಾಲ್ಕನೇ ದಿನ ಬಂದಿತ್ತು! ಸಾಹೇಬರು ಸಿಟ್ಟಿಗೆ ಬಂದು ಗೋಡೆಗೆ ಒರಗಿ, ನಿಂತೇ ಕೆಲಸ ಮಾಡಲಿಕ್ಕೆ ಶುರು ಮಾಡಿದರು.

ನಿಫಾಡದ ಈರುಳ್ಳಿ ವ್ಯಾಪಾರಿಯೊಬ್ಬರನ್ನು ವಿಚಾರಣೆಗೆ ಕರೆಸಿದ್ದರು. ಹಿಂದಿನ ಸಲ ನಿಂತು ನಿಂತು ಅವರ ಕಾಲು ಬಾತಿದ್ದವು. ಈ ಸಲ ಮನೆಯಿಂದ ಕೈಯಿರುವ ಕುರ್ಚಿಯನ್ನೇ ಎಸ್‌ಟಿ ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದರು. ಸಾಹೇಬರ ಮೇಜಿನ ಮುಂದೆ ಇಟ್ಟು ಕಾಲ ಮೇಲೆ ಕಾಲು ಹಾಕಿ ಕೂತರು. ಸಾಹೇಬರು ಕುರ್ಚಿಯ ಬೆತ್ತಕ್ಕೆ ಸಿಕ್ಕಿ ಹರಿದ ಅಂಗಿಯಲ್ಲಿ ಗೋಡೆ ಹಿಡಿದು ನಿಂತಿದ್ದರು.

ಅಷ್ಟರಲ್ಲಿ ನಿಫಾಡದ ಸಂತೆಯ ಇನ್ನೊಬ್ಬ ಹೊಸ ವ್ಯಾಪಾರಿ ಒಳಗೆ ಬಂದ. ಕೂತವರು ಒಬ್ಬರೇ, ಅವರೇ ಸಾಹೇಬರು ಅಂತ ಬಗ್ಗಿ ನಮಸ್ಕಾರ ಮಾಡಿ ಲೆಕ್ಕದ ಕಾಗದವನ್ನು ಅವರ ಕೈಗೇ ಕೊಟ್ಟ. ಈರುಳ್ಳಿ ವ್ಯಾಪಾರಿ ಕಣ್ಣಿಗೆ ಹತ್ತಿರ ಹಿಡಿದು ನೋಡಿ ಗುಡುಗಿದರು: "ಏನಿದು? ನೀನು ಇದರ ಎರಡು ಪಟ್ಟು ಮಾರಿದ್ದು ನಾನು ಕಣ್ಣಾರೆ ನೋಡಿದ್ದೇನೆ!"

ಆ ಮನುಷ್ಯ ಕೈ ಮುಗಿದು ಅಲ್ಲೇ ಒಪ್ಪಿಕೊಂಡ. ಸಾಹೇಬರು ಗೋಡೆ ಬಿಟ್ಟು ಮುಂದೆ ಬಂದು ಈರುಳ್ಳಿ ವ್ಯಾಪಾರಿಯ ಕಿವಿಯಲ್ಲಿ ಕೇಳಿದರು: "ನಾಳೆ ದ್ರಾಕ್ಷಿಯವರು ಬರುತ್ತಾರೆ. ಕುರ್ಚಿ ತಗೊಂಡು ಬರುತ್ತೀರಾ?"

ಉಣ್ಣೆ ಕೋಟು

ಸಾಹೇಬರಿಗೆ ಔರಂಗಾಬಾದಿಗೆ ವರ್ಗ ಆಯಿತು. ನನ್ನ ತಂಪಿಲ್ಲದೆ ಅವರಿಗೆ ನಡೆಯುತ್ತಿರಲಿಲ್ಲ, ಮುಂದಿನ ಬೇಸಿಗೆಗೆ ಅಲ್ಲಿಗೇ ಕರೆಸಿಕೊಂಡರು. ನಾಸಿಕ ಏನು ಬಿಸಿಲು! ಔರಂಗಾಬಾದಿನ ಮೇ ತಿಂಗಳಲ್ಲಿ ಕಾಗೆ ಹಾರುತ್ತಲೇ ಹುರಿದು ಬೀಳುತ್ತಿತ್ತು, ಒಂದೆರಡನ್ನು ನಾನೇ ಹೆಕ್ಕಿದ್ದೇನೆ.

ಅಂಥ ಬಿಸಿಲಿನಲ್ಲಿ ನಮಗೆ ಉಣ್ಣೆ ಕೋಟು ಬಂದವು. ಎರಡು ಚಳಿಗಾಲದ ಹಿಂದೆ ಕೇಳಿದ್ದವಂತೆ. ಕೊಟ್ಟ ಕೋಟು ಹಾಕಿಕೊಳ್ಳಲೇಬೇಕು, ಇಲ್ಲದಿದ್ದರೆ ಅಗತ್ಯವಿಲ್ಲ ಅಂತ ಬರೆದು ಇನ್ನೆಂದೂ ಕೊಡುವುದಿಲ್ಲ. ನಾನು ಕೋಟಿನೊಳಗೆ ಬೇಯುತ್ತಾ, ಆ ಸಿಟ್ಟನ್ನೆಲ್ಲ ತಟ್ಟಿಯ ಮೇಲೆ ತೀರಿಸಿಕೊಂಡೆ. ಬಕೀಟಿನ ಮೇಲೆ ಬಕೀಟು, ಬಕೀಟಿನ ಮೇಲೆ ಬಕೀಟು. ಒಳಗೆ ಮಂಜು ಬಿದ್ದಂತಾಯಿತು. ಸಾಹೇಬರು ಸೀನಿದರು, ಮತ್ತೆ ಸೀನಿದರು, ನೆಗಡಿ ಜ್ವರ ಅಂತ ರಜೆ ಹಾಕಿದರು.

ಮೇಲಿನವರು ರಜೆ ಚೀಟಿ ಓದಿ ಕೆರಳಿದರು: ಮೇ ತಿಂಗಳಲ್ಲಿ, ಔರಂಗಾಬಾದಿನಲ್ಲಿ, ನೆಗಡಿಯೇ? ನೀರು ಅತಿಯಾಗಿದೆ. ಬರುವ ವರ್ಷದಿಂದ ತಟ್ಟಿ ರದ್ದು, ನೀರಿನವನು ರದ್ದು, ಬದಲಿಗೆ ಒಂದು ವಿದ್ಯುತ್ ಫ್ಯಾನು.

ಇಡೀ ಮರಾಠವಾಡಾದಲ್ಲಿ ಕೆಲಸ ಚೆನ್ನಾಗಿ ಮಾಡಿ ನೌಕರಿ ಕಳೆದುಕೊಂಡವನು ನಾನೊಬ್ಬನೇ.

ಫ್ಯಾನು

ಮಾರ್ಚ್ ಮೂವತ್ತೊಂದಕ್ಕೆ ಖರ್ಚಾಗದ ಅನುದಾನ ವಾಪಸು ಹೋಗುತ್ತದೆ. ಹಾಗಾಗಿ ಅದೇ ದಿನ ಓಡೋಡಿ ಫ್ಯಾನು ತಂದರು, ಸಾಹೇಬರ ತಲೆಯ ಮೇಲಿನ ಕೊಂಡಿಗೆ ನೇತುಹಾಕಿದರು. ಬಟನ್ ಹುಡುಕಿದರೆ ಬಟನ್ ಇಲ್ಲ. ವೈರೂ ಇಲ್ಲ. ವೈರು ಬೇರೆ ಇಲಾಖೆಯದು, ಅದಕ್ಕೆ ಬೇರೆ ಮಂಜೂರಿ.

ಹಿಂದಿನ ಬೇಸಿಗೆಯ ಬಾಕಿ ಪಗಾರಕ್ಕೆ ಬಂದು, ಹೊರಡಲಿಕ್ಕೆ ಹಾಸಿಗೆ ಸುತ್ತುತ್ತಿದ್ದ ನನ್ನನ್ನು ಇಲ್ಲಿಯ ಹೆಡ್ ಕ್ಲಾರ್ಕರು ಕರೆದರು. "ಇಲ್ಲಿ ಹೆಬ್ಬೆಟ್ಟು ಒತ್ತು. ಸರಕಾರಿ ಯಂತ್ರ ಬಂದರೆ ನೋಡಿಕೊಳ್ಳಲಿಕ್ಕೆ ಒಬ್ಬ ಮನುಷ್ಯ ಬೇಕು ಅಂತ ನಿಯಮ ಇದೆ. ಹನ್ನೆರಡು ತಿಂಗಳ ನೌಕರಿ."

"ಏನು ಕೆಲಸರಿ?"

"ಫ್ಯಾನು ಕಾಯೋದು. ವೈರು ಹಾಕಿದ ದಿನ ಆ ಇಲಾಖೆಯವರೇ ನೋಡಿಕೊಳ್ಳುತ್ತಾರೆ, ಅವತ್ತು ನೀನು ರದ್ದು."

ಬೀದರಿಗೆ ಸುದ್ದಿ ಮುಟ್ಟಿತು. ಮಳೆಯಲ್ಲಿ ಮಗಳನ್ನು ಕರಕೊಂಡು ಹೋಗುತ್ತಿದ್ದ ಮಾವ, ಮಳೆಯಲ್ಲೇ ಮಗಳನ್ನೂ ಟ್ರಂಕನ್ನೂ ಹಿಡಕೊಂಡು ಬಂದ. ಮನೆಗಲ್ಲ, ನೆಟ್ಟಗೆ ಆಫೀಸಿಗೆ. ಟ್ರಂಕು ಕೆಳಗಿಡದೆ ಫ್ಯಾನನ್ನು ನೋಡಿದ.

"ಇದು ಯಾವಾಗ ತಿರುಗ್ತದ್ರಿ?"

"ವೈರಿನ ಮಂಜೂರಿ ಬಂದ ಮ್ಯಾಲ, ಮಾವಾ."

"ಅದು ಯಾವಾಗ ಬರ್ತದ?"

ಸುಳ್ಳು ಹೇಳೋ ಜಾಗ ಅಲ್ಲ ಅದು. ನಾಸಿಕದ ಬಕೀಟಿನ ಕಥೆ ಮೊದಲಿನಿಂದ ಕೊನೆತನಕ ಹೇಳಿದೆ. ಮಾವ ಕೇಳಿದ, ರುಮಾಲು ತೆಗೆದು ತಲೆ ಕೆರೆದುಕೊಂಡ, ಟ್ರಂಕು ಕೆಳಗಿಟ್ಟ.

"ಹಾಂಗಾದ್ರ ನೌಕ್ರಿ ಪಕ್ಕಾ ಅದ."

ಆಮೇಲೆ ಬೇಸಿಗೆಯಲ್ಲಿ ಸಾಹೇಬರು ಫೈಲಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಒಂದು ಬಕೀಟು ನೀರಾದರೂ ಹೊಡೆಯಲೇ ಅಂದರೆ ಹೆಡ್ ಕ್ಲಾರ್ಕರು ಬಿಡರು, ನೀರಿನ ಹುದ್ದೆ ರದ್ದಾಗಿದೆ. ಸಾಹೇಬರು ಬೆವರುತ್ತಾ ಕೂತರು, ನಾನು ಫ್ಯಾನು ಕಾಯುತ್ತಾ ಕೂತೆ. ಮಾವ ಬಂದಾಗೆಲ್ಲ ಮೊದಲು ಆಫೀಸಿಗೆ ಬಂದು ಫ್ಯಾನು ನಿಂತಿದೆಯೇ ನೋಡಿ, ಆಮೇಲೆ ಮಗಳ ಮನೆಗೆ ಹೋಗುತ್ತಿದ್ದ.

ನನಗೆ ಎರಡು ಮಕ್ಕಳಾದ ಮೇಲೆ ಒಂದು ದಿನ ವೈರ್‌ಮನ್ ಬಂದೇಬಿಟ್ಟ. ಹೆಗಲ ಮೇಲೆ ವೈರಿನ ಸುರುಳಿ, ಕೈಯಲ್ಲಿ ಬಟನ್. ಹೆಂಡತಿ ಮಕ್ಕಳು ಬೀದರ ಬಸ್ಸು ಹತ್ತಿದ್ದೇ ಕಣ್ಣಿಗೆ ಕಟ್ಟಿತು.

"ಏಣಿ ಕೊಡಿರಿ. ನಮ್ಮಲ್ಲಿ ಏಣಿ ಮಂಜೂರಾಗಿಲ್ಲ" ಅಂದ ವೈರ್‌ಮನ್.

ಸಾಹೇಬರು ಎದ್ದು ತಾವೇ ಮೇಜು ಎಳೆಯಲಿಕ್ಕೆ ಹೊರಟರು, ಪಾಪ. ಅವತ್ತೂ ಫ್ಯಾನು ನೋಡಲಿಕ್ಕೆ ಬಂದು ಮೂಲೆಯಲ್ಲಿ ಕೂತಿದ್ದ ಮಾವ ರುಮಾಲು ಸರಿಮಾಡಿಕೊಂಡು ಎದ್ದು ನಿಂತ. ಬಿಳಿ ಧೋತರ, ದೊಡ್ಡ ಮೀಸೆ. ವೈರ್‌ಮನ್ ಯಾರೋ ಮೇಲಿನವರು ಅಂತ ತಿಳಿದು ಸಲಾಮು ಹೊಡೆದ.

"ಹಳೇ ಏಣಿ ಒಪ್ಪಿಸೀರೇನು?" ಮಾವ ಕೇಳಿದ.

"ಹಳೇದು ಇರಲೇ ಇಲ್ಲವಲ್ಲ ಸಾಹೇಬ್!"

"ಹಾಂಗಂತ ಬರದು ಮ್ಯಾಲ ಕಳಸ್ರಿ. ಉತ್ತರ ಬಂದ ಮ್ಯಾಲ ಬರ್ರಿ."

ವೈರ್‌ಮನ್ ಅಲ್ಲೇ ಕೂತು ಬರೆದು, ಸುರುಳಿ ಹೆಗಲಿಗೇರಿಸಿ ಹೋದ. ಮಾವ ಫ್ಯಾನನ್ನು ಒಮ್ಮೆ ನೋಡಿ ನನ್ನ ಬೆನ್ನು ತಟ್ಟಿದ.

"ನಡೀರಿ ಅಳಿಯಂದ್ರೇ, ಊಟಕ್ಕ ಹೋಗೂಣು. ನಿಮ್ಮ ನೌಕ್ರಿ ಪೆನ್ಶನ್ ತನಕ ಪಕ್ಕಾ ಆತು."