ಎತ್ತಿ ಕುಡಿದ ದ್ರಾಕ್ಷಾರಸ

ಒಂದು ಯಂತ್ರವನ್ನು ನೋಡಿಕೊಂಡು ಬರುವುದು ಎಷ್ಟರ ಕೆಲಸ? ಕಣ್ಣಿದ್ದವರು ಯಾರು ಬೇಕಾದರೂ ಮಾಡಬಹುದು. ನನಗೆ ಎರಡು ಕಣ್ಣುಗಳಿವೆ, ಅವುಗಳ ಮೇಲೆ ಕನ್ನಡಕವೂ ಇದೆ. ಆದ್ದರಿಂದ ೧೯೯೦ರ ಮೇ ತಿಂಗಳಲ್ಲಿ ನಮ್ಮ ಮುದೀರ್, ಅಂದರೆ ಮ್ಯಾನೇಜರ್ ಸಾಹೇಬರು, ನನ್ನನ್ನು ಕರೆದು "ನೀನು ಸ್ವಿಟ್ಜರ್ಲೆಂಡಿಗೆ ಹೋಗು" ಎಂದಾಗ ನಾನು ಕಿಂಚಿತ್ತೂ ಅಳುಕಲಿಲ್ಲ.

ನಾನು ಕುವೈತಿನ ಒಂದು ಜ್ಯೂಸ್ ಕಂಪೆನಿಯ ಖರೀದಿ ವಿಭಾಗದಲ್ಲಿ ಗುಮಾಸ್ತ. ಬಾಟಲಿಗೆ ಜ್ಯೂಸ್ ತುಂಬುವ ನಮ್ಮ ಹಳೆಯ ಯಂತ್ರ ಬಾಟಲಿಗಿಂತ ಹೆಚ್ಚಾಗಿ ನೆಲವನ್ನೇ ತುಂಬುತ್ತಿತ್ತು. ಹೊಸ ಯಂತ್ರ ಮಾರುವವರು ಇದ್ದದ್ದು ಸ್ವಿಟ್ಜರ್ಲೆಂಡಿನ ಒಂದು ಸರೋವರದ ದಡದಲ್ಲಿ. ಅದು ಓಡುವುದನ್ನು ಕಣ್ಣಾರೆ ನೋಡಬೇಕಾದರೆ ಅದನ್ನು ಕೊಂಡು ಬಳಸುತ್ತಿದ್ದ, ಅಲ್ಲಿ ವೈನ್ ತಯಾರಿಸುವವರ ಮನೆಗಳಿಗೇ ಹೋಗಬೇಕು. ನಿಜವಾಗಿ ಹೋಗಬೇಕಾಗಿದ್ದವನು ನಮ್ಮ ಎಂಜಿನಿಯರ್ ಮಹಮೂದ್, ಈಜಿಪ್ಟಿನವನು. ಹೊರಡುವ ಹೊತ್ತಿಗೆ ಅವನ ಸೊಂಟ ಹಿಡಿದುಕೊಂಡಿತು. ನನ್ನ ಅದೃಷ್ಟ ಖುಲಾಯಿಸಿತು!

"ಶೂಫ್, ಇಲ್ಲಿ ನೋಡು," ಎಂದರು ಮುದೀರ್, ಬೆರಳು ಎತ್ತಿ. "ಮೆಷಿನ್ ಚೆನ್ನಾಗಿ ನೋಡು. ಆದರೆ ಅವರ ಶರಾಬು ಒಂದು ತೊಟ್ಟು ನಿನ್ನ ಗಂಟಲಿಗೆ ಇಳಿದರೆ, ಖಲಾಸ್! ಕೆಲಸ ಸರಿಯಾಗಿ ಮಾಡಿ ಬಂದರೆ ರಿಗ್ಗೈಯ ಕಂಪೆನಿ ಫ್ಲ್ಯಾಟ್ ನಿನಗೆ."

ರಿಗ್ಗೈಯ ಫ್ಲ್ಯಾಟ್! ನಾವು ಆಗ ಊರಿನ ಮತ್ತೊಂದು ಬಡಾವಣೆಯಾದ ಖೈತಾನಿನಲ್ಲಿ ಇನ್ನೊಂದು ಸಂಸಾರದ ಜೊತೆ ಒಂದೇ ಮನೆ ಹಂಚಿಕೊಂಡಿದ್ದೆವು. ನಮಗೆ ಇದ್ದದ್ದು ಒಂದು ಕೋಣೆ. ಅಡುಗೆಮನೆಗೆ ಸರದಿ, ಬಚ್ಚಲಿಗೆ ಸರದಿ. ಬೆಳಿಗ್ಗೆ ಬಕೆಟ್ಟು ಹಿಡಿದು ಬಚ್ಚಲ ಬಾಗಿಲಲ್ಲಿ ನಿಂತೇ ನನ್ನ ಹೆಂಡತಿ ಸುಮತಿಯ ಅರ್ಧ ಆಯುಷ್ಯ ಕಳೆದಿತ್ತು. ಬೇರೆ ಹೆಂಗಸರ ಕನಸಿನಲ್ಲಿ ಚಿನ್ನ ಬರುತ್ತದಂತೆ, ಇವಳ ಕನಸಿನಲ್ಲಿ ಬರುತ್ತಿದ್ದುದು ಸ್ವಂತ ಬಚ್ಚಲು.

"ಮಗಳ ತಲೆ ಮುಟ್ಟಿ ಹೇಳಿ, ಕುಡಿಯುವುದಿಲ್ಲ ಅಂತ," ಎಂದಳು ಸುಮತಿ.

ಮುಟ್ಟಿದೆ. "ಪಪ್ಪಾ, ಡೋಂಟ್ ಸ್ಪಾಯಿಲ್ ಮೈ ಹೇರ್!" ಎಂದು ಮಗಳು ಶಿಲ್ಪಾ ಕೊಸರಿಕೊಂಡಳು. ಪ್ರಮಾಣವಚನ ಸ್ವೀಕಾರ ಸಮಾರಂಭ ಅಲ್ಲಿಗೆ ಮುಗಿಯಿತು.

ಕೆಳಗಿನ ಅಂಗಡಿಯ ಹಮೀದ್ ಭಾಯಿ ಪುತ್ತೂರು ಕಡೆಯವರು. ಸಾಮಾನು ಕಟ್ಟಿಕೊಡುತ್ತಾ ಅವರೂ ಒಂದು ಬುದ್ಧಿಮಾತು ಹೇಳಿದರು. "ಮೆಷಿನ್ ನೋಡ್ಲಿಕ್ಕೆ ಕಣ್ಣು ಸಾಕಲ್ಲ ಮಾರಾಯ್ರೆ? ಬಾಯಿ ಎಂತಕ್ಕೆ? ಅದನ್ನು ಮುಚ್ಚಿ ಇಟ್ಕೊಳ್ಳಿ." ಎಷ್ಟು ಸುಲಭದ ಮಾತು! ನಾನು ನಕ್ಕು, ಸ್ವೆಟರು ತುಂಬಿಸಿಕೊಂಡು ಹೊರಟೆ.

ಕುವೈತಿನಲ್ಲಿ ಏಸಿ ಇಲ್ಲದೆ ಉಸಿರಾಡಲಾಗದ ಆ ದಿನಗಳಲ್ಲಿ ಅಲ್ಲಿ ಹಲ್ಲು ಕಟಕಟ ಎನ್ನುವ ಚಳಿ. ಕೆಳಗೆ ಸರೋವರ. ಅದರ ನೀರಿನಂಚಿನಿಂದ ಗುಡ್ಡದ ತಲೆಯವರೆಗೆ ಕಲ್ಲಿನ ಗೋಡೆ ಕಟ್ಟಿ ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿತೋಟ. ಯಂತ್ರದ ಕಂಪೆನಿಯ ಪಿಯರ್ ಎಂಬ ದುಂಡಗಿನ ಮನುಷ್ಯ ನನ್ನನ್ನೂ ಬೇರೆ ದೇಶದ ಕೆಲವು ಗಿರಾಕಿಗಳನ್ನೂ ವ್ಯಾನಿನಲ್ಲಿ ಕೂರಿಸಿಕೊಂಡು ವಿವರಿಸಿದ. ಈ ಗೋಡೆಗಳನ್ನು ನೂರಾರು ವರ್ಷಗಳ ಹಿಂದೆ ಸನ್ಯಾಸಿಗಳು ಕಟ್ಟಿದರಂತೆ. ಸನ್ಯಾಸಿಗಳು! ವೈನಿಗಾಗಿ! ನನಗೆ ಅಲ್ಲಿಂದಲೇ ಗೊಂದಲ ಶುರುವಾಯಿತು.

"ನಮ್ಮ ದ್ರಾಕ್ಷಿಗೆ ಮೂರು ಸೂರ್ಯರು," ಎಂದ ಪಿಯರ್ ಹೆಮ್ಮೆಯಿಂದ. "ಒಬ್ಬ ಆಕಾಶದಲ್ಲಿ. ಒಬ್ಬ ಸರೋವರದಲ್ಲಿ ಹೊಳೆಯುವವನು. ಇನ್ನೊಬ್ಬ ಈ ಕಲ್ಲುಗಳಲ್ಲಿ ಬಿಸಿಯಾಗಿ ಉಳಿಯುವವನು."

ಕುವೈತಿನಲ್ಲಿ ನಮಗೆ ಒಬ್ಬನೇ ಸಾಕಾಗಿ ಹೋಗಿದ್ದಾನೆ! ಬೇಕಾದರೆ ಅವನನ್ನೂ ಇವರಿಗೇ ಕೊಡಬಹುದು.

ಮೊದಲನೆಯ ಮನೆಯ ನೆಲಮಾಳಿಗೆಗೆ ಇಳಿದೆವು. ಆನೆಗಳು ಮಲಗಿದಂತೆ ಮರದ ಪೀಪಾಯಿಗಳು. ಎಲ್ಲರ ಕೈಗೂ ಒಂದೊಂದು ಗ್ಲಾಸು ಬಂತು. ನಾನು "ಯಂತ್ರ ಎಲ್ಲಿ?" ಎಂದೆ. "ಯಂತ್ರ ಎರಡನೆಯ ಮನೆಯಲ್ಲಿ. ಮೊದಲು ರುಚಿ," ಎಂದ ಪಿಯರ್. ನಾನು ಬೆವರಿದೆ. ಅಷ್ಟರಲ್ಲಿ ಒಂದು ಅದ್ಭುತ ನಡೆಯಿತು. ಕೋಟು, ಟೈ ಧರಿಸಿದ ಸಭ್ಯಸ್ಥರೆಲ್ಲ ವೈನನ್ನು ಬಾಯಿಗೆ ಹಾಕಿ, ಗಳಗಳ ಮುಕ್ಕಳಿಸಿ, ಒಂದು ಬಕೆಟ್ಟಿಗೆ ಪಿಚಕ್ಕನೆ ಉಗುಳಿದರು! ಉಗುಳುವುದು ಇಲ್ಲಿ ಮರ್ಯಾದೆಯ ಕೆಲಸ! ನುಂಗದಿದ್ದರೆ ಗಂಟಲಿಗೆ ಇಳಿಯುವುದಿಲ್ಲ, ಗಂಟಲಿಗೆ ಇಳಿಯದಿದ್ದರೆ ಪ್ರಮಾಣ ಮುರಿಯುವುದಿಲ್ಲ. ನಾನೂ ಬಾಯಿಗೆ ಹಾಕಿಕೊಂಡು, ಗಂಭೀರವಾಗಿ ಮುಕ್ಕಳಿಸಿ, ಉಗುಳಿದೆ. ಅರ್ಧ ಬಕೆಟ್ಟಿಗೆ ಬಿತ್ತು. ಉಳಿದರ್ಧ ಪಿಯರನ ಬೂಟಿಗೆ ಬಿತ್ತು. ಅವನು ದೊಡ್ಡ ಮನಸ್ಸು ಮಾಡಿ ನಕ್ಕ. ನನ್ನ ಆತ್ಮವಿಶ್ವಾಸ ನೂರು ಪಟ್ಟು ಹೆಚ್ಚಿತು. ಹಮೀದ್ ಭಾಯಿಗೆ ಪ್ರಪಂಚಜ್ಞಾನ ಸಾಲದು ಅಂದುಕೊಂಡೆ.

ಎರಡನೆಯ ಮನೆ ಇನ್ನೂ ಹಳೆಯದು. ಪಕ್ಕದ ಕೊಠಡಿಯಿಂದ ಗಡಗಡ ಸದ್ದು ಕೇಳುತ್ತಿತ್ತು. ನಮ್ಮ ಯಂತ್ರ! ನಾನು ಅತ್ತ ಹೆಜ್ಜೆ ಹಾಕುವಷ್ಟರಲ್ಲಿ ಮನೆಯ ಯಜಮಾನ, ಬಿಳಿ ಮೀಸೆಯ ಮುದುಕ, ಅಡ್ಡ ಬಂದ. ಅವನ ಕೈಯಲ್ಲಿ ಒಂದೇ ಒಂದು ಗ್ಲಾಸು. ಪೀಪಾಯಿಯಿಂದ ಕೆಂಪು ವೈನ್ ಹಿಡಿದು, ತಾನು ಕುಡಿದು, ಮತ್ತೆ ತುಂಬಿಸಿ ಪಕ್ಕದವನಿಗೆ ಕೊಟ್ಟ. ಅವನು ಕುಡಿದು ಮುಂದಿನವನಿಗೆ ಕೊಟ್ಟ. ಇಲ್ಲಿ ಬಕೆಟ್ಟೂ ಇಲ್ಲ, ಉಗುಳುವವರೂ ಇಲ್ಲ!

"ಇದು ಇಲ್ಲಿಯ ಪದ್ಧತಿ," ಎಂದು ಪಿಯರ್ ಪಿಸುಗುಟ್ಟಿದ. "ಒಂದೇ ಗ್ಲಾಸು, ಎಲ್ಲರೂ ಸ್ನೇಹಿತರು. ಬೇಡವೆಂದರೆ ಮುದುಕನಿಗೆ ಬಹಳ ಬೇಸರ. ಯಂತ್ರವೂ ಅವನದೇ."

ಗ್ಲಾಸು ಬಾಯಿಂದ ಬಾಯಿಗೆ ನನ್ನತ್ತ ಬರುತ್ತಿತ್ತು. ನಾನು ಪ್ರಮಾಣದ ಚಿಂತೆಯನ್ನೇ ಮರೆತೆ. ಯಾಕೆಂದರೆ ಅದಕ್ಕಿಂತ ದೊಡ್ಡದು ಎದುರಿಗಿತ್ತು. ಎಂಜಲು! ಐದಾರು ಮಂದಿಯ ಎಂಜಲು, ಅದರಲ್ಲಿ ಮೂವರಿಗೆ ಮೀಸೆ! ಕಚ್ಚಿ ಕುಡಿದರೆ ಬೆನ್ನಿಗೆ ಗುದ್ದು ಎಂದು ನಮ್ಮಮ್ಮ ಕಲಿಸಿದ್ದು ಸುಮ್ಮನೆಯೇ? ನೀರಾದರೂ ಅಷ್ಟೆ, ಮಜ್ಜಿಗೆಯಾದರೂ ಅಷ್ಟೆ, ಎತ್ತಿ ಕುಡಿಯಬೇಕು.

ಎತ್ತಿದೆ.

ತಲೆ ಹಿಂದಕ್ಕೆ ವಾಲಿಸಿ, ಬಾಯಿ ತೆರೆದು, ತುಟಿಗೆ ತಾಗದಂತೆ ಗ್ಲಾಸನ್ನು ಎತ್ತರದಲ್ಲಿ ಹಿಡಿದು ಬಗ್ಗಿಸಿದೆ. ಊರಿನ ಚೊಂಬಿನ ಕಂಠದಿಂದ ನೀರು ದಾರದಂತೆ ಇಳಿಯುತ್ತದೆ. ಈ ಗ್ಲಾಸು ಹೊಟ್ಟೆ ದಪ್ಪದ ಜಾತಿಯದು. ವೈನ್ ಒಮ್ಮೆಗೇ ದಬಕ್ಕನೆ ಬಿತ್ತು. ಸ್ವಲ್ಪ ಕಣ್ಣಿಗೆ, ಬಹುಪಾಲು ಮೂಗಿಗೆ, ಉಳಿದದ್ದೆಲ್ಲ ಸ್ವೆಟರಿಗೆ, ಬಿಳಿ ಅಂಗಿಗೆ! ಕೆಮ್ಮಿದೆ, ಸೀನಿದೆ, ಕುಣಿದೆ. ಗಂಟಲಿಗೆ ಇಳಿಯಿತೋ ಇಲ್ಲವೋ ಎಂಬುದು ಇಂದಿಗೂ ಇತ್ಯರ್ಥವಾಗದ ಪ್ರಶ್ನೆ.

ಮುದುಕ ಬೆರಗಾಗಿ ಏನೋ ಹೇಳಿದ. "ಇದು ನಿಮ್ಮ ದೇಶದ ರುಚಿ ನೋಡುವ ವಿಧಾನವೇ ಎಂದು ಕೇಳುತ್ತಿದ್ದಾರೆ," ಎಂದ ಪಿಯರ್. ನಾನು ಕೆಮ್ಮುತ್ತಲೇ ತಲೆಯಾಡಿಸಿದೆ. ತಗೋ! ಅವರೆಲ್ಲ ಒಬ್ಬೊಬ್ಬರಾಗಿ ತಲೆ ಹಿಂದಕ್ಕೆ ವಾಲಿಸಿ ಮೀಸೆಯ ಮೇಲೆ ವೈನ್ ಸುರಿದುಕೊಳ್ಳತೊಡಗಿದರು.

ನನ್ನ ತಲೆಯಲ್ಲಿ ಓಡುತ್ತಿದ್ದುದು ಒಂದೇ ಯೋಚನೆ. ಈ ವಾಸನೆ ಹೊತ್ತು ಅಂದೇ ಕುವೈತಿನ ವಿಮಾನ ಹತ್ತಬೇಕು. ಮುದೀರ್ ಮೂಸಿದರೆ ಖಲಾಸ್! ಅಲ್ಲೇ ಇದ್ದ ಬಚ್ಚಲಿಗೆ ಓಡಿ, ಬಾಗಿಲು ಹಾಕಿಕೊಂಡು, ಅಂಗಿ ಬಿಚ್ಚಿ ತಿಕ್ಕಲು ಶುರುಮಾಡಿದೆ. ಸೋಪು ತಿಕ್ಕಿದಷ್ಟೂ ಕೆಂಪು ಹರಡಿತು. ಸ್ವೆಟರನ್ನೂ ತಿಕ್ಕಿದೆ. ಬನಿಯನ್ನನ್ನೂ ತಿಕ್ಕಿದೆ. ಆ ಚಳಿಯಲ್ಲಿ ಬರಿಮೈಯಲ್ಲಿ ನಡುಗುತ್ತಾ ತಿಕ್ಕುತ್ತಿದ್ದಾಗ ಗೋಡೆಯಾಚೆ ಗಡಗಡ ಸದ್ದು ಕೇಳುತ್ತಲೇ ಇತ್ತು. ಪಾಪ, ಯಂತ್ರ ಚೆನ್ನಾಗಿ ಓಡುತ್ತಿದೆ ಅಂದುಕೊಂಡೆ.

ಒದ್ದೆ ಅಂಗಿ ತೊಟ್ಟು ಹೊರಗೆ ಬಂದಾಗ ಸದ್ದು ನಿಂತಿತ್ತು. ಕೆಲಸಗಾರರು ಊಟಕ್ಕೆ ಹೋಗಿ ಕೊಠಡಿಗೆ ಬೀಗ ಬಿದ್ದಿತ್ತು. ಎಲ್ಲರೂ ಯಂತ್ರ ನೋಡಿ ವ್ಯಾನಿನಲ್ಲಿ ಕೂತಿದ್ದರು. ನಾನು ಕಿಟಕಿಯ ಗಾಜಿಗೆ ಮೂಗು ಒತ್ತಿ ಇಣುಕಿದೆ. ಯಂತ್ರಕ್ಕೆ ಒಂದು ಹೊದಿಕೆ ಹೊದಿಸಿದ್ದರು. "ಬನ್ನಿ, ಬನ್ನಿ, ವಿಮಾನ ತಪ್ಪುತ್ತದೆ!" ಎಂದು ಪಿಯರ್ ನನ್ನನ್ನು ಎಳೆದುಕೊಂಡು ಹೋದ.

ಮರುದಿನ ಮುದೀರ್ ತಮ್ಮ ಕೋಣೆಯಲ್ಲಿ ನನ್ನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಮೂಸಿದರು. "ಸ್ಮೆಲ್ ಮಾಫಿ, ವಾಸನೆಯೇ ಇಲ್ಲ! ಶಾಬಾಶ್!" ಎಂದರು. ನನ್ನ ಎದೆ ಉಬ್ಬಿತು.

"ಈಗ ಹೇಳು, ಮೆಷಿನ್ ಹೇಗಿದೆ?"

ಕಂಡದ್ದನ್ನು ಕಂಡ ಹಾಗೆ ಹೇಳುವುದು ಉತ್ತಮ ಅನ್ನಿಸಿತು.

"ನೀಲಿ ಬಣ್ಣ, ಸಾರ್. ಅಂದರೆ, ಅದರ ಹೊದಿಕೆ."

ರಿಗ್ಗೈಯ ಫ್ಲ್ಯಾಟ್ ಮಹಮೂದನಿಗೆ ಹೋಯಿತು.

ಮನೆಯಲ್ಲಿ ಸುಮತಿ ಪೂರ್ತಿ ಕಥೆ ಕೇಳಿದಳು. ಮಗಳ ತಲೆ ಮುಟ್ಟಿದ ಮಾತು ಉಳಿಸಲು ಚಳಿಯಲ್ಲಿ ಬರಿಮೈಯಲ್ಲಿ ನಿಂತ ಗಂಡನ ಬಗ್ಗೆ ಅವಳಿಗೆ ಹೆಮ್ಮೆಯಾಗುತ್ತದೆ ಎಂದು ನಾನು ಕಾದೆ. ಅವಳು ಬಕೆಟ್ಟು ಎತ್ತಿಕೊಂಡು ಬಚ್ಚಲ ಸರದಿಗೆ ಹೊರಟಳು. ಬಾಗಿಲಲ್ಲಿ ತಿರುಗಿ ನಿಂತು, "ಕುಡಿದಾದ್ರೂ ಆ ಮೆಷಿನ್ ಒಂದು ನೋಡಿ ಬರ್ಬಹುದಿತ್ತಲ್ಲ ಮಾರಾಯ್ರೆ!" ಎಂದಳು. ಅವಳ ಕಣ್ಣಲ್ಲಿ ನೀರಿತ್ತು.

ಆಮೇಲೆ ಆಗಸ್ಟ್ ಬಂತು, ಇರಾಕಿನ ಟ್ಯಾಂಕುಗಳು ಬಂದವು. ಖೈತಾನಿನ ಕೋಣೆಯೂ ರಿಗ್ಗೈಯ ಫ್ಲ್ಯಾಟೂ ಒಂದೇ ಆಗಿಹೋದವು. ಬಾಗ್ದಾದ್ ದಾಟಿ ಅಮ್ಮಾನ್ ಕಡೆಗೆ ಹೋಗುವ ಬಸ್ಸಿನಲ್ಲಿ ನಾವು ಮೂವರು ಕೂತಿದ್ದೆವು. ಪಕ್ಕದ ಸೀಟಿನಲ್ಲಿ ಮಹಮೂದ್, ರಿಗ್ಗೈಯ ಬೀಗದ ಕೈಯನ್ನು ಇನ್ನೂ ಹಿಡಿದುಕೊಂಡೇ ಇದ್ದ. ಮರುಭೂಮಿ ಉರಿಯುತ್ತಿತ್ತು. ಇಡೀ ಬಸ್ಸಿಗೆ ಉಳಿದಿದ್ದುದು ಒಂದೇ ಬಾಟಲಿ ನೀರು. ಅದು ಬಾಯಿಂದ ಬಾಯಿಗೆ ದಾಟುತ್ತಾ, ಒಬ್ಬೊಬ್ಬರು ಒಂದೊಂದು ಗುಟುಕು ಕುಡಿದು, ಮಹಮೂದನ ಬಳಿ ಬಂತು. ಅವನು ಕುಡಿದು ನನಗೆ ಕೊಟ್ಟ.

ನಾನು ತಲೆ ಹಿಂದಕ್ಕೆ ವಾಲಿಸಿದೆ. ಬಸ್ಸು ಗುಂಡಿಗೆ ಇಳಿಯಿತು. ನೀರು ದಬಕ್ಕನೆ ನನ್ನ ಅಂಗಿಯ ಮೇಲೆ ಬಿತ್ತು. ಇಡೀ ಬಸ್ಸು ನಾಲ್ಕಾರು ಭಾಷೆಗಳಲ್ಲಿ ನನ್ನನ್ನು ಬೈಯಿತು.

"ಕಚ್ಚಿಯೇ ಕುಡೀರಿ ಮಾರಾಯ್ರೆ!" ಎಂದು ಸುಮತಿ ನನ್ನ ಕೈ ಹಿಡಿದು ಬಾಟಲಿಯನ್ನು ಬಾಯಿಗೆ ಒತ್ತಿದಳು.

ಕಚ್ಚಿ ಕುಡಿದೆ. ಏನೂ ಆಗಲಿಲ್ಲ.