ಯುವರಾಜನಿಗೆ ಕಾಯಿ ಕಚ್ಚಿದ್ದು

ಕನ್ನಡಕದಂಗಡಿಯ ಯಜಮಾನರಿಗೆ ಆ ಬೆಳಿಗ್ಗೆ ಕೋಪ ಬಂದಿತ್ತು. ಯಾರ ಮೇಲೆ ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿರಲಿಲ್ಲ. ಹಿತ್ತಿಲಿಗೆ ಬಂದು ನೋಡಿದರೆ ಹೆಂಡತಿ ಕಸಬರಿಗೆ ಹಿಡಿದು ನಿಂತಿದ್ದಳು. ಅವಳ ಕಾಲಬುಡದಲ್ಲಿ ಬಿಳಿ ಹೂವಿನ ದೊಡ್ಡ ಗುಡ್ಡೆ.

"ಈ ಸಲವೂ ಎಲ್ಲ ಉದುರಿಹೋಯ್ತಾ?"

"ಎಲ್ಲ ಎಲ್ಲಿ? ಮೇಲಿನ ಕೊಂಬೇಲಿ ಇನ್ನೊಂದಿಷ್ಟು ಮೊಗ್ಗಿದೆ. ಅದೂ ಉದುರುತ್ತೆ, ಅವಸರ ಬೇಡ. ಹೂ ಬಿಡೋದು ನಿಮ್ಮ ಯುವರಾಜ, ಗುಡಿಸೋದು ನಾನು. ಚೆನ್ನಾಗಿದೆ ವ್ಯವಸ್ಥೆ."

ಯುವರಾಜ ಎಂದರೆ ಮಗನಲ್ಲ, ಮರ. ಆಫ್ರಿಕದ ಕಾಡಿನ ಕರಿಮರ, ಅಂದರೆ ಎಬೊನಿ. ಮಗಳಿಗೆ ಹಾಲುಹಲ್ಲು ಬೀಳುತ್ತಿದ್ದ ಕಾಲದಲ್ಲಿ ಯಜಮಾನರು ಅದನ್ನು ಗೇಣುದ್ದದ ಸಸಿಯಾಗಿ ತಂದು ನೆಟ್ಟಿದ್ದರು. ಮಗಳು ಬೆಳೆದು, ಓದಿ, ಮದುವೆಯಾಗಿ, ತನ್ನ ಗಂಡನನ್ನು ಗದರಿಸುವಷ್ಟು ದೊಡ್ಡವಳಾದಳು. ಮರದ ಎತ್ತರವೇನೋ ಮಾಳಿಗೆಯ ಅಂಚು ಮುಟ್ಟಿತು, ದಪ್ಪ ಮಾತ್ರ ಒನಕೆಯ ಗಾತ್ರ ಮೀರಲಿಲ್ಲ. "ನಿಧಾನವೇ ಇದರ ಘನತೆ. ರಾಜವಂಶದವರು ಓಡಾಡಿ ಬೆಳೆಯಲ್ಲ" ಎಂದು ಯಜಮಾನರು ಬಂದವರಿಗೆಲ್ಲ ವಿವರಿಸುತ್ತಿದ್ದರು.

ಘನತೆ ಕಾಪಾಡಲು ಅವರು ಪಟ್ಟ ಪಾಡು ಅಷ್ಟಿಷ್ಟಲ್ಲ. ಬೇರು ನೇರವಾಗಿ ಕೆಳಗಿಳಿಯುವ ಜಾತಿಯೆಂದು ಯಾರೋ ಹೇಳಿದ್ದಕ್ಕೆ ಅವರು ತೋಡಿದ ಗುಂಡಿಯನ್ನು ನೋಡಿ ಪಕ್ಕದ ಮನೆಯವರು "ಬಾವೀಲಿ ನೀರು ಸಿಕ್ತಾ?" ಎಂದು ಕೇಳಿದರು. ಎಳೆಯ ಸಸಿಗೆ ನೆರಳು ಬೇಕೆಂದು ಮನೆಗಿದ್ದ ಒಂದೇ ದೊಡ್ಡ ಕೊಡೆಯನ್ನು ಕೋಲಿಗೆ ಕಟ್ಟಿ ಅದರ ತಲೆಯ ಮೇಲೆ ನಿಲ್ಲಿಸಿದರು. ಸಂಸಾರವೆಲ್ಲ ಮಳೆಯಲ್ಲಿ ನೆನೆದು ಸೀನುತ್ತಿದ್ದಾಗ ಸಸಿ ಮಾತ್ರ ಬೆಚ್ಚಗಿತ್ತು. ಗಾಳಿಯಲ್ಲಿ ತೇವ ಬೇಕೆಂದು ಕನ್ನಡಕದ ಗಾಜು ಒರೆಸುವ ಸ್ಪ್ರೇ ಬಾಟಲಿಯಲ್ಲಿ ನೀರು ತುಂಬಿಸಿ ಬೆಳಿಗ್ಗೆ ಸಂಜೆ ಎಲೆಎಲೆಗೂ ಚಿಮುಕಿಸಿದರು.

"ನನಗೆ ಜ್ವರ ಬಂದಾಗ ಹಣೆ ಮೇಲೊಂದು ಒದ್ದೆ ಬಟ್ಟೆ ಹಾಕಿ ಅಂದ್ರೆ, ಅಂಗಡಿಗೆ ಹೊತ್ತಾಯ್ತು ಅಂದ್ರಿ. ಇದಕ್ಕೊಂದು ಎಲೆ ಹಳದಿಯಾಯ್ತು ಅಂತ ಅಂಗಡೀನೇ ಮುಚ್ಚಿದ್ರಿ!" ಎಂಬುದು ಹೆಂಡತಿಯ ಹಳೆಯ ಫಿರ್ಯಾದು. (ವಿಚಾರಣೆ ಇನ್ನೂ ನಡೆಯುತ್ತಲೇ ಇದೆ.)

ಅಂಗಡಿ ತೆರೆದಿದ್ದಾಗಲೂ ಮರದ ಮಾತೇ. ಗಿರಾಕಿಯ ಮೂಗಿನ ಮೇಲೆ ತಪಾಸಣೆಯ ಚೌಕಟ್ಟು ಕೂರಿಸಿ, "ಮೂರನೇ ಸಾಲು ಓದಿ" ಎನ್ನುವರು. ಅವನು ಬಾಯಿ ತೆರೆಯುವ ಮೊದಲೇ ಯುವರಾಜನ ಹೊಸ ಚಿಗುರಿನ ವರ್ಣನೆ ಶುರುವಾಗುತ್ತಿತ್ತು. "ಕಾಣ್ತಿದೆ, ಚೆನ್ನಾಗಿ ಕಾಣ್ತಿದೆ!" ಎಂದು ಸುಳ್ಳು ಹೇಳಿ ಮಸುಕು ಕನ್ನಡಕ ಹಾಕಿಕೊಂಡೇ ಓಡಿ ಪಾರಾದವರೂ ಇದ್ದರು.

ಇಂಥ ಯುವರಾಜ ಎರಡು ಸಲ ಹೂ ಬಿಟ್ಟರೂ ಒಂದು ಕಾಯಿ ಕಚ್ಚಲಿಲ್ಲವೆಂದರೆ ಅದು ಕೇವಲ ತೋಟಗಾರಿಕೆಯ ಸಮಸ್ಯೆಯೇ? ವಂಶದ ಮರ್ಯಾದೆಯ ಪ್ರಶ್ನೆ! ಯಜಮಾನರು ಉದುರಿದ ನಾಲ್ಕು ಹೂವನ್ನು ಕನ್ನಡಕದ ಡಬ್ಬಿಯಲ್ಲಿ ಹತ್ತಿ ಹಾಸಿ ಮಲಗಿಸಿ ಅಂಗಡಿಗೆ ಒಯ್ದರು. ಆ ದಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುವ ಮೇಡಂ ಕನ್ನಡಕದ ಕಡ್ಡಿ ಸರಿಮಾಡಿಸಲು ಬಂದಿದ್ದರು. ಯಜಮಾನರು ಕಡ್ಡಿ ಬಿಟ್ಟು ಡಬ್ಬಿ ತೆರೆದರು.

ಮೇಡಂ ಹೂವನ್ನು ಬಿಡಿಸಿ, ಅಂಗಡಿಯ ಭೂತಗನ್ನಡಿಯಲ್ಲಿ ನೋಡಿ, "ಸರಿಯಾಗೇ ಇದೆಯಲ್ಲ, ಹೆಣ್ಣುಹೂವು" ಎಂದರು.

"ಅಂದ್ರೆ?"

"ಈ ಜಾತೀಲಿ ಗಂಡುಮರ ಬೇರೆ, ಹೆಣ್ಣುಮರ ಬೇರೆ. ನಿಮ್ಮದು ಹೆಣ್ಣುಮರ. ಗಂಡುಹೂವಿನ ಪರಾಗ ಬೀಳದೆ ಕಾಯಿ ಹೇಗೆ ಕಚ್ಚುತ್ತೆ? ಊರಲ್ಲಿ ಇನ್ನೊಂದು ಮರ ಇದ್ರೆ ಹೇಳಿ."

ಇತ್ತು. ಊರಿನಲ್ಲಿ ಇನ್ನೊಂದೇ ಒಂದು ಕರಿಮರ ಇತ್ತು. ಅದು ಬಾಮೈದನ ಮನೆಯಲ್ಲಿತ್ತು. ಅದೇ ತೊಂದರೆ.

ಬಾಮೈದ, ಅಂದರೆ ಹೆಂಡತಿಯ ಖಾಸಾ ತಮ್ಮ, ವಾದ್ಯಗೋಷ್ಠಿಯೊಂದರಲ್ಲಿ ಕ್ಲಾರಿನೆಟ್ ನುಡಿಸುವವನು. ಒಳ್ಳೆಯ ಕ್ಲಾರಿನೆಟ್ಟಿಗೆ ಕಪ್ಪು ಮರವೇ ಆಗಬೇಕೆಂದು ಅವನಿಗೆ, ಕನ್ನಡಕಕ್ಕೆ ಕರಿಮರದ ಚೌಕಟ್ಟು ಮಾಡಬೇಕೆಂದು ಯಜಮಾನರಿಗೆ ಹುಚ್ಚು ಹತ್ತಿ, ಇಬ್ಬರೂ ಒಟ್ಟಿಗೆ ಹೋಗಿ ಒಂದೊಂದು ಸಸಿ ತಂದಿದ್ದರು. ಆಗ ಇಬ್ಬರದೂ ಬಿಡಿಸಲಾರದ ಸ್ನೇಹ. ಕೆಲವು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಬಾಮೈದ ಊಟ ಮುಗಿಸಿ, ಕೈ ಒರೆಸಿಕೊಂಡು, ಜೇಬಿನಿಂದ ಚಾಕು ತೆಗೆದು, ಯುವರಾಜನ ಕಾಂಡವನ್ನು ಕೆರೆದು ನೋಡಿದ. "ಭಾವ, ಒಳಗೆ ಬೆಳ್ಳಗಿದೆ! ನಮಗೆ ಟೋಪಿ ಹಾಕಿದಾರೆ!" ಎಂದ. ಕಪ್ಪು ಎಂಬುದು ಮರದ ತಿರುಳಿನಲ್ಲಿ, ಅದೂ ಎಷ್ಟೋ ದಶಕಗಳ ಮೇಲೆ ಕೂಡುತ್ತದೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಆದರೆ ಮಗುವಿಗೆ ಚಾಕು ಹಾಕಿದವನನ್ನು ಯಾವ ತಂದೆ ಸುಮ್ಮನೆ ಬಿಟ್ಟಾನು? "ಎದ್ದು ನಡಿ ಆಚೆಗೆ" ಎಂದರು ಯಜಮಾನರು. ಅವನು ಎದ್ದು ನಡೆದ. ಅಲ್ಲಿಂದಾಚೆಗೆ ಮಾತಿಲ್ಲ. ಹೇಳಲೇಬೇಕಾದದ್ದಿದ್ದರೆ "ನಿನ್ನ ತಮ್ಮನಿಗೆ ಹೇಳು", "ನಿನ್ನ ಗಂಡನಿಗೆ ಹೇಳು" ಎಂದು ಹೆಂಡತಿಯ ಮೂಲಕ ಅಂಚೆ. ತಮ್ಮನ ಮನೆಗೆ ಒಬ್ಬಳೇ ಹೋಗಿ ಒಬ್ಬಳೇ ಬರುವುದು ಅವಳಿಗೆ ಸಾಕುಸಾಕಾಗಿತ್ತು.

ಯಜಮಾನರು ಮನೆಗೆ ಬಂದು ಸುತ್ತಿ ಬಳಸಿ ವಿಷಯ ಹೇಳಿದರು. ಯುವರಾಜ ಹೆಣ್ಣೆಂದು ಕೇಳಿದ್ದೇ ಹೆಂಡತಿ ಸೆರಗು ಬಾಯಿಗೆ ಅಡ್ಡ ಹಿಡಿದು ಗೋಡೆಗೊರಗಿ ನಕ್ಕಳು.

"ನಗು ಆಮೇಲೆ. ನಿನ್ನ ತಮ್ಮನಿಗೆ ಹೇಳು, ಒಂದು ಹಿಡಿ ಹೂವು..."

"ಅಂಚೆ ಕಚೇರಿಗೆ ಇವತ್ತು ರಜ. ಮರ ನಿಮ್ಮದು, ಬಾಯಿ ನಿಮ್ಮದು. ನೀವೇ ಹೋಗಿ ಕೇಳಿ."

ಬಾಮೈದ ಜಗಲಿಯಲ್ಲಿ ಕೂತು ಕ್ಲಾರಿನೆಟ್ ಅಭ್ಯಾಸ ಮಾಡುತ್ತಿದ್ದ. ಭಾವನನ್ನು ನೋಡಿ ಅವನ ಹುಬ್ಬು ಮೇಲೇರಿತು, ವಾದ್ಯ ಮಾತ್ರ ಬಾಯಿಂದ ಇಳಿಯಲಿಲ್ಲ.

"ಚೆನ್ನಾಗಿದ್ದೀಯಾ?" ಎಂದರು ಯಜಮಾನರು.

"ಪೀಂ" ಎಂದಿತು ಕ್ಲಾರಿನೆಟ್.

"ನಿನ್ನ ಮರ ಹೂ ಬಿಟ್ಟಿದೆಯಂತೆ."

"ಪೀಂ ಪೀಂ."

"ಅದರಲ್ಲಿ ಸ್ವಲ್ಪ... ನಮ್ಮ ಮರಕ್ಕೆ... ಬೇಕಾಗಿತ್ತು."

"ಪೊಂಯ್ಯ್ಯ್?"

ಯಜಮಾನರ ಕಿವಿ ಕೆಂಪಗಾಯಿತು. ಎದ್ದು ಹೊರಡೋಣವೆನಿಸಿತು. ಆದರೆ ಮೇಲಿನ ಕೊಂಬೆಯ ಮೊಗ್ಗುಗಳು ಕಣ್ಣ ಮುಂದೆ ಬಂದವು. ಅಲ್ಲೇ ನಿಂತು, ಯುವರಾಜ ಹೆಣ್ಣೆಂಬುದನ್ನೂ, ಇನ್ನೊಂದು ವಾರ ಬಿಟ್ಟರೆ ಹೂವೆಲ್ಲ ಉದುರಿಹೋಗುತ್ತದೆಂಬುದನ್ನೂ ತಗ್ಗಿದ ದನಿಯಲ್ಲಿ ಹೇಳಿದರು. ಬಾಮೈದ ಕೊನೆಗೆ ವಾದ್ಯ ಕೆಳಗಿಟ್ಟ.

"ಭಾವ, ನೀವು ಇಷ್ಟು ಮೆತ್ತಗೆ ಮಾತಾಡಿದ್ದು ನಾನು ಹುಟ್ಟಿದಾಗಿನಿಂದ ಕೇಳಿಲ್ಲ. ಇನ್ನೊಂದು ಸಲ ಹೇಳಿ, ಕಿವಿ ತುಂಬ ಕೇಳ್ತೀನಿ."

ಯಜಮಾನರು ಹೇಳಿದರು. ಅವನು ಕಣ್ಣುಮುಚ್ಚಿ ಆಲಿಸಿದ.

"ಕೊಡ್ತೀನಿ. ಆದ್ರೆ ಒಂದು ಷರತ್ತು. ಕುಂಚ ಹಿಡಿಯೋದು ನಾನು, ಏಣಿ ಹಿಡಿಯೋದು ನೀವು."

ಹಾಗೆಯೇ ಆಯಿತು. ಮೊಗ್ಗು ಅರಳಿದ ದಿನ ಬಾಮೈದ ಗಾಜು ಒರೆಸುವ ಸಣ್ಣ ಕುಂಚವನ್ನು ತನ್ನ ಮರದಿಂದ ತಂದ ಗಂಡುಹೂವಿಗೆ ತಾಗಿಸಿ, ಏಣಿಯ ತುದಿಯಲ್ಲಿ ನಿಂತು, ಒಂದೊಂದು ಹೆಣ್ಣುಹೂವಿಗೂ ಸವರಿದ. ಕೆಳಗೆ ಯಜಮಾನರ ಬೋಳುತಲೆಯ ಮೇಲೆ ಎಲೆಯ ಚೂರು, ಇರುವೆ, ಒಮ್ಮೆ ಕುಂಚವೂ ಬಿದ್ದವು. ಹೆಂಡತಿ ದೂರದಲ್ಲಿ ನಿಂತು "ಎಡಕ್ಕೆ, ಇನ್ನೂ ಎಡಕ್ಕೆ" ಎಂದು ಇಬ್ಬರಿಗೂ ಆಜ್ಞೆ ಕೊಡುತ್ತಿದ್ದಳು. ಇಳಿಯುವಾಗ ಬಾಮೈದನ ಕೈಗೆ ಕಾಂಡದ ಮೇಲಿನ ಹಳೆಯ ಕಲೆ ಸಿಕ್ಕಿತು. ಅದನ್ನು ಹೆಬ್ಬೆರಳಿನಿಂದ ಸವರಿ, "ಮಾಯ್ದಿದೆ ಭಾವ" ಎಂದ.

"ಮರಕ್ಕೇನೋ ಮಾಯ್ದಿದೆ."

"ನಿಮಗೆ?"

"ಏಣಿ ಅಲ್ಲಾಡ್ತಿದೆ. ಮಾತಾಡದೆ ಇಳಿ."

ಆದರೆ ಆ ಸಂಜೆ ಅವನು ಉಂಡುಕೊಂಡೇ ಹೋದ. ಹೆಂಡತಿ ಅನ್ನ ಬಡಿಸುವಾಗ ಏನೋ ಗುನುಗುತ್ತಿದ್ದಳು.

ಕಾಯಿ ಕಚ್ಚಿತು! ಬೊಗಸೆಯಷ್ಟು ಕಚ್ಚಿದ್ದು ಗಾಳಿಗೆ ಉದುರಿ, ಮೂರು ನಿಂತವು. "ಗರ್ಭಿಣಿ ಯುವರಾಜನಿಗೆ ಈಗ ಬಯಕೆ ಏನೇನಿದೆಯೋ ವಿಚಾರಿಸ್ರೀ" ಎಂದು ಹೆಂಡತಿ ಗೇಲಿ ಮಾಡಿದರೂ ಯಜಮಾನರು ಹೆಸರು ಬದಲಿಸಲು ಒಪ್ಪಲಿಲ್ಲ. ಬಾವಲಿಗಳು ಮುಟ್ಟದಂತೆ ಮೂರು ಕಾಯಿಗೂ ದಿಂಬಿನ ಚೀಲ ತೊಡಿಸಿದರು. (ಮನೆಯವರು ಬರಿಯ ದಿಂಬಿನ ಮೇಲೆ ಮಲಗಿದರು.) ಬಾಮೈದ ದಿನಾ ಸಂಜೆ ಬಂದು ಮರದಡಿ ಕುರ್ಚಿ ಹಾಕಿಕೊಂಡು ಕೂರತೊಡಗಿದ. ಅವರು "ಕಾಯಿ ನಮ್ಮನೇದು" ಎಂದರೆ ಅವನು "ಪರಾಗ ನಮ್ಮನೇದು" ಎನ್ನುತ್ತಿದ್ದ. ಜಗಳ ಬಿರುಸಾದಾಗ ಹೆಂಡತಿ ಇಬ್ಬರ ಕೈಗೂ ಚಹಾ ಕೊಟ್ಟು ಬಾಯಿ ಮುಚ್ಚಿಸುತ್ತಿದ್ದಳು.

ತಿಂಗಳುಗಳು ಕಳೆದು ಕಾಯಿ ಮುಷ್ಟಿಗಿಂತ ದೊಡ್ಡವಾದವು. ಯಜಮಾನರಿಗೆ ಇನ್ನು ತಡೆಯಲಾಗಲಿಲ್ಲ. ಬೀದಿಯವರ ಸಂಘದಲ್ಲಿ ಹೇಳಿ, ಒಂದು ಭಾನುವಾರ ಗೊತ್ತುಮಾಡಿ, ಹಿತ್ತಿಲಿಗೆ ಬಾಡಿಗೆ ಕುರ್ಚಿ, ಮೈಕು ತರಿಸಿ, ಸಸ್ಯಶಾಸ್ತ್ರದ ಮೇಡಂ ಅವರನ್ನು ಮುಖ್ಯ ಅತಿಥಿಯಾಗಿ ಕರೆದು, "ಫಲಛೇದನ ಮಹೋತ್ಸವ" ಏರ್ಪಡಿಸಿದರು. ಭಾಷಣವಂತೂ ಬಚ್ಚಲುಮನೆಯ ಬಾಗಿಲ ಮೂಲಕ ಹೆಂಡತಿಗೆ ಬಾಯಿಪಾಠವಾಗಿಹೋಗಿತ್ತು.

ಆ ದಿನ ಬಾಮೈದ ಏಣಿ ಹತ್ತಿ ಕಾಯಿ ಅದುಮಿ ನೋಡಿ ಇಳಿದು, ಭಾವನ ಕಿವಿಯಲ್ಲಿ ಪಿಸುಗುಟ್ಟಿದ. "ಇನ್ನೂ ಕಾಯಿ ಭಾವ. ಕಲ್ಲಿನ ಹಾಗಿದೆ. ತಾನಾಗೇ ಬೀಳೋವರೆಗೂ ಮುಟ್ಟಬಾರದು."

"ಮೇಡಂ ಬಂದಿದಾರೆ, ಮೈಕಿನವನೂ ಬಂದಿದಾನೆ. ಹಣ್ಣಾಗೋಕೆ ಇದಕ್ಕೇನು ಧಾಡಿ? ಊರವರ ಕಣ್ಣು ನೋಡೋ ನನಗೆ ಹಣ್ಣು ಯಾವುದು ಕಾಯಿ ಯಾವುದು ಅಂತ ನೀನು ಹೇಳಿಕೊಡ್ತೀಯಾ? ಕೊಯ್ಯಿ!"

ಒಂದನ್ನು ಕೊಯ್ದದ್ದಾಯಿತು. ಚಪ್ಪಾಳೆಯ ನಡುವೆ ಯಜಮಾನರು ಕಷ್ಟಪಟ್ಟು ಹಣ್ಣು ಹೆಚ್ಚಿ, ಮೊದಲ ಹೋಳನ್ನು ಮೇಡಂಗೆ ನೀಡಿದರು. ಮೇಡಂ ಹೋಳನ್ನೊಮ್ಮೆ, ಯಜಮಾನರನ್ನೊಮ್ಮೆ ನೋಡಿ, "ಬೆಳೆಸಿದವರೇ ಮೊದಲು ತಿನ್ನಬೇಕು" ಎಂದು ನಯವಾಗಿ ಕೈ ಹಿಂದಕ್ಕೆಳೆದುಕೊಂಡರು. ಯಜಮಾನರು ಇಡೀ ಹೋಳನ್ನು ಬಾಯಿಗೆಸೆದುಕೊಂಡು ಧಾರಾಳವಾಗಿ ಅಗಿದರು.

ಒಗರು ಎಂದರೆ ಅಂತಿಂಥ ಒಗರಲ್ಲ. ನಾಲಿಗೆಗೆ ಯಾರೋ ಕಂಬಳಿ ಸುತ್ತಿ ಹೊಲಿದಂತಾಯಿತು. ಕೆನ್ನೆ ಒಳಕ್ಕೆ ಸೇದಿಕೊಂಡವು, ತುಟಿ ಸಂಚಿಯ ಬಾಯಿಯಂತೆ ಸುರುಟಿಕೊಂಡಿತು. ಸಭೆಯ ಎದುರು ಉಗಿಯುವುದು ಹೇಗೆ? ನುಂಗಿದರು. ಕಣ್ಣಲ್ಲಿ ದಳದಳ ನೀರು ಸುರಿಯಿತು. ಮೈಕು ಹಿಡಿದು "ಮಾನ್ಯರೇ" ಎಂದರು. ಹೊರಬಂದದ್ದು "ಮಾಮ್ಮಮ್ಮೇ."

ಸಭೆ ಮನಕರಗಿ ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಂಡರು. ಬಾಮೈದ ಮೆಲ್ಲಗೆ ಮೈಕು ತೆಗೆದುಕೊಂಡ.

"ನಮ್ಮ ಭಾವ ಭಾವುಕರಾಗಿದ್ದಾರೆ. ಅವರ ಪರವಾಗಿ ನಾಲ್ಕು ಮಾತು ನಾನೇ ಆಡ್ತೀನಿ."

ನಾಲ್ಕಲ್ಲ, ನಾನೂರು ಆಡಿದ. ಭಾವ ಹೂವು ಬೇಡಲು ಬಂದದ್ದು, ಕ್ಲಾರಿನೆಟ್ ಕೊಟ್ಟ ಉತ್ತರ, ಏಣಿಯ ಕೆಳಗಿನ ಬೋಳುತಲೆ, ದಿಂಬಿನ ಚೀಲ, ಯಾವುದನ್ನೂ ಬಿಡಲಿಲ್ಲ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಯಜಮಾನರು ಮಧ್ಯೆ ಮಧ್ಯೆ "ಮ್ಮ! ಮ್ಮಮ್ಮ!" ಎಂದು ಎದ್ದುನಿಂತು ಆಕ್ಷೇಪಿಸಿದಾಗಲೆಲ್ಲ, "ನೋಡಿ, ಭಾವನೂ ಹೌದು ಅಂತಿದಾರೆ" ಎಂದ. ಸಂಘದವರು ತಂದಿದ್ದ ಹೂಗುಚ್ಛವನ್ನು ಮೇಡಂ, ಪರಾಗಸ್ಪರ್ಶ ಮಾಡಿದ ಕಲಾವಿದನಿಗೇ ಕೊಟ್ಟರು.

ಎಲ್ಲರೂ ಹೋದ ಮೇಲೆ ಯಜಮಾನರು ಅಡುಗೆಮನೆಯ ಮೂಲೆಯಲ್ಲಿ ಬಾಯಿ ತುಂಬ ನೀರು ಹಿಡಿದು ಕೂತರು. ಹೆಂಡತಿ ಎದುರಿಗೊಂದು ಮಣೆ ಹಾಕಿಕೊಂಡು ಕೂತು ಮಾತಾಡತೊಡಗಿದಳು. ತಮ್ಮ ಇನ್ನು ಪ್ರತಿ ಭಾನುವಾರ ಇಲ್ಲೇ ಊಟ ಮಾಡುತ್ತಾನೆ ಎಂದಳು. ತಾನು ಮಗಳ ಮನೆಯಲ್ಲಿ ಒಂದು ತಿಂಗಳಿದ್ದು ಬರುತ್ತೇನೆ ಎಂದಳು. ನಡುಮನೆಯ ಗೋಡೆಗೆ ತನಗೆ ಬೇಕಾದ ಬಣ್ಣ ಹೊಡೆಸುತ್ತೇನೆ ಎಂದಳು. ಮದುವೆಯಾದಂದಿನಿಂದ ತನ್ನ ಒಂದು ಬೇಡಿಕೆಯನ್ನೂ ಈ ಮನೆಯಲ್ಲಿ ಅಡ್ಡಮಾತಿಲ್ಲದೆ ಕೊನೆ ಮುಟ್ಟಿಸಲಾಗದಿದ್ದವಳು ಈಗ ಒಂದಾದ ಮೇಲೊಂದು ಮುಗಿಸಿ, "ಅಡ್ಡಿ ಏನಾದ್ರೂ ಇದೆಯಾ?" ಎಂದು ಕೇಳಿದಳು.

"ಮ್ಮ್" ಎಂದರು ಯಜಮಾನರು.

"ಇಲ್ವಂತೆ ಕಣೋ" ಎಂದು ಬಾಗಿಲಲ್ಲಿ ನಿಂತಿದ್ದ ತಮ್ಮನ ಕಡೆ ತಿರುಗಿದಳು. "ಮರದಲ್ಲಿ ಇನ್ನೂ ಎರಡಿವೆ, ಅಲ್ವಾ?"

"ಇವೆ ಅಕ್ಕ. ತಾವಾಗೇ ಬೀಳೋವರೆಗೂ ಬಿಟ್ರೆ ಒಗರೆಲ್ಲ ಹೋಗಿ ಸಿಹಿಯಾಗುತ್ತಂತೆ."

"ಸಿಹಿಯಾಗೋಕೆ ಬಿಡಬೇಡ್ವೋ. ಇವತ್ತೇ ಕೊಯ್ದು ಕೊಡು, ಫ್ರಿಜ್ಜಲ್ಲಿ ಇಟ್ಟಿರ್ತೀನಿ" ಎಂದಳು ಹೆಂಡತಿ. "ಬೇಕಾಗುತ್ತೆ."